ಮೌಲಿದ್‌ವರೆಗಿನ ಗಡುವು

ನಾಲ್ಕನೆಯ ದಿನ ಬೆಳಿಗ್ಗೆ ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಬತೂಲಳಿಗೆ ಎಚ್ಚರವಾದದ್ದೇ ಆ ನಿಶ್ಶಬ್ದಕ್ಕೆ. ಮೂರು ದಿನ ಕೆಳಗಿನ ಅಂಗಳದಲ್ಲಿ ಕುರಾನ್ ಓದುವವರ ದನಿ, ಹೆಂಗಸರ ಬಿಕ್ಕಳಿಕೆ, ಕುಸ್ಕುಸ್ ಪರಾತಗಳನ್ನು ಎಳೆದಾಡುವ ಸದ್ದು ಎಲ್ಲ ಒಂದರೊಳಗೊಂದು ಕಲಸಿಕೊಂಡು ಅವಳ ತಲೆಯನ್ನು ತುಂಬಿದ್ದವು. ಈಗ ನಲ್ಲಿಯಿಂದ ತೊಟ್ಟಿಕ್ಕುವ ನೀರು ಮಾತ್ರ ಕೇಳುತ್ತಿತ್ತು. ಎದ್ದು ಮುಖ ತೊಳೆದು, ಅಡುಗೆಮನೆಗೆ ಹೋಗಿ, ಪುದೀನದ ಕಟ್ಟು ಬಿಚ್ಚಿ, ಎರಡು ಲೋಟ ಇಟ್ಟಳು. ಒಂದನ್ನು ತಟ್ಟೆಯಲ್ಲಿಟ್ಟು ಮೇಲಿನ ಕೋಣೆಯ ಬಾಗಿಲಲ್ಲಿ ಇಳಿಸಬೇಕು. ಒಳಗಿನಿಂದ ಕೆಮ್ಮು ಕೇಳಿಸಿದ ಮೇಲೆ ಮೆಟ್ಟಿಲಿಳಿದು ಬರಬೇಕು. ಒಂಬತ್ತು ವಾರದಿಂದ ಹಾಗೆಯೇ ನಡೆದಿತ್ತು. ಕೆಟಲಿಗೆ ಸಕ್ಕರೆ ಒಡೆದು ಹಾಕುವಾಗ ನೆನಪಾಯಿತು. ಆದರೂ ಕೈ ನಿಲ್ಲಲಿಲ್ಲ, ಎರಡನೆಯ ಲೋಟವನ್ನೂ ತುಂಬಿತು.

"ಒಂದು ಸಾಕು," ಎಂದಳು ಲಲ್ಲಾ ಖದ್ದೂಜ್ ಬಾಗಿಲಲ್ಲಿ ನಿಂತು. "ಮೇಲಿನವನು ಇನ್ನು ಚಹಾ ಕೇಳಲ್ಲ."

ಸತ್ತ ಗಂಡನ ಅಕ್ಕ ಅವಳು. ತಮ್ಮನಿಗೆ ಹುಷಾರಿಲ್ಲ ಎಂದು ಕಳೆದ ತಿಂಗಳು ಬಂದವಳು ಇನ್ನೂ ಹೋಗಿರಲಿಲ್ಲ, ಹೋಗುವ ಮಾತೂ ಇರಲಿಲ್ಲ. ಎರಡನೆಯ ಲೋಟವನ್ನು ತಾನೇ ಎತ್ತಿಕೊಂಡು, ಒಂದು ಗುಟುಕು ಸೊರ್ರೆಂದು ಹೀರಿ, "ಸಕ್ಕರೆ ಕಮ್ಮಿ. ಅವನು ಇಷ್ಟು ವರ್ಷ ಇದನ್ನೇ ಕುಡಿದ್ನಾ, ಪಾಪ," ಎಂದಳು. ಬತೂಲ್ ಉಟ್ಟಿದ್ದ ಬಿಳಿ ಬಟ್ಟೆಯನ್ನು ಹೊಲಿದವಳೂ ಅವಳೇ. ಸಾವಿನ ದಿನವೇ ಪೆಟ್ಟಿಗೆಯಿಂದ ಹಾಸಿಗೆಯ ಹೊದಿಕೆಯೊಂದನ್ನು ತೆಗೆದು, ಅಳತೆ ಕೇಳದೆ, ತನ್ನ ಮೈಗೆ ಹಿಡಿದು ನೋಡಿ ಕತ್ತರಿಸಿದ್ದಳು. ತೋಳು ಬೆರಳ ತುದಿ ದಾಟಿ ಇಳಿಬೀಳುತ್ತಿತ್ತು. ಬಿಳಿ ಮುಸುಕು, ಬಿಳಿ ಕಾಲುಚೀಲ, ಬಿಳಿ ಚಪ್ಪಲಿ. ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತು. ಅಷ್ಟು ದಿನ ಹೊಸಿಲು ದಾಟುವಂತಿಲ್ಲ, ಕಣ್ಣಿಗೆ ಕಾಡಿಗೆ ಇಲ್ಲ, ಮದರಂಗಿ ಇಲ್ಲ. ಕನ್ನಡಿಯಲ್ಲಿ ನೋಡಿಕೊಂಡಾಗ ಬತೂಲಳಿಗೆ ತಾನು ಇನ್ಯಾರದೋ ಗಂಡನಿಗಾಗಿ ಬಿಳಿ ಉಟ್ಟಂತೆ ಅನ್ನಿಸಿತ್ತು.

ದುಃಖ ಬರುತ್ತದೆಂದು ಅವಳು ಮೂರು ದಿನ ಕಾದಿದ್ದಳು. ಬರಲಿಲ್ಲ. ಎರಡನೆಯ ದಿನ ರಬಾತಿನಿಂದ ನದಿ ದಾಟಿ ಬಂದ ಪ್ರಾಧ್ಯಾಪಕರೊಬ್ಬರು ಅಂಗಳದಲ್ಲಿ ನಿಂತು ಮಾತಾಡಿದ್ದರು. ಸೀ ಮಫದ್ದಲ್ ನಮ್ಮ ಊರಿನ ನೆನಪೇ ಆಗಿದ್ದರು, ಈ ಸಲಾ ಪಟ್ಟಣದ ಸಂತರ ಚರಿತ್ರೆಯನ್ನು ಏಳು ಸಂಪುಟಗಳಲ್ಲಿ ಕಟ್ಟಿಕೊಟ್ಟರು, ಎಂಟನೆಯದು ಮುಗಿಯುವ ಮೊದಲೇ ಹೊರಟರು, ಅವರ ಪದ್ಯಗಳಲ್ಲಿ ಆತ್ಮ ತನ್ನ ಇನಿಯನೆದುರು ಮೇಣದಂತೆ ಕರಗುತ್ತದೆ. ಮೇಲಿನ ಮೊಗಸಾಲೆಯಲ್ಲಿ ಹೆಂಗಸರು ಮೂಗೊರೆಸಿಕೊಂಡರು. ಬತೂಲ್ ಆಗ ಅವನ ಕಾಲಿನ ಹೆಬ್ಬೆರಳ ಉಗುರನ್ನು ನೆನೆಯುತ್ತಿದ್ದಳು. ಹಳದಿಯಾಗಿ, ದಪ್ಪವಾಗಿ, ಒಳಕ್ಕೆ ತಿರುಗಿಕೊಂಡ ಉಗುರು. ಎಂಟು ವರ್ಷ ಪ್ರತಿ ಗುರುವಾರ ಬಿಸಿನೀರಿನಲ್ಲಿ ನೆನೆಸಿ ಅದನ್ನು ಕತ್ತರಿಸುತ್ತಿದ್ದವಳು ತಾನು. ಮೌಲಿದ್ ಹಬ್ಬದ ನಂತರ ಅದನ್ನು ಯಾರು ಕತ್ತರಿಸಿದರು? ಹೆಣದ ಮೈ ತೊಳೆಯುವವರು ಬಂದಾಗ ಅವಳು ತಂಬಿಗೆ ಹಿಡಿದು ಮುಂದೆ ಹೋಗಿದ್ದಳು. ಗಂಡನ ಮೈಗೆ ಹೆಂಡತಿ ನೀರು ಹಾಕಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಲಲ್ಲಾ ಖದ್ದೂಜ್ ಎಲ್ಲರೆದುರು ಅವಳ ಮಣಿಕಟ್ಟು ಹಿಡಿದು ತಂಬಿಗೆ ಕಿತ್ತುಕೊಂಡಳು. "ಬೇಡಮ್ಮಾ. ಅವಳ ಕೈ ತಾಗೋದು ಬೇಡ ಅಂತ ಅವನೇ ಹೇಳಿ ಸತ್ತಿದಾನೆ." ತೊಳೆಯುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಚಿಕ್ಕವನೊಬ್ಬ ತುಟಿ ಕಚ್ಚಿ ನಗು ತಡೆದ. ಬತೂಲಳಿಗೆ ಉಳಿದದ್ದೆಲ್ಲ ಮಸುಕಾಗಿ, ಆ ಕಚ್ಚಿದ ತುಟಿ ಮಾತ್ರ ಸ್ಪಷ್ಟವಾಗಿ ನೆನಪಿತ್ತು.

"ಕಡಲ ಬಾಗಿಲ ಜಾವಿಯಾ ನೋಡಿಕೊಳ್ಳೋ ಮುಖದ್ದಮ್ ಬೂಶ್ತಾ ಬಂದಿದ್ದ ನಿನ್ನೆ," ಎಂದಳು ಲಲ್ಲಾ ಖದ್ದೂಜ್, ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದುತ್ತ. "ಅವರ ಮಠದ್ದು ಯಾವುದೋ ಹಳೇ ಪುಸ್ತಕ ಇವನ ಹತ್ರ ಇದೆಯಂತೆ. ಕೊಟ್ಟುಬಿಡಿ ಅಂದ. ಹುಡುಕಿ ತೆಗೀ. ಯಾರ ಕೈಲಾದ್ರೂ ಕಳಿಸೋಣ."

"ಹುಡುಕ್ತೀನಿ."

"ನೀನಲ್ದೆ ಇನ್ಯಾರು ಹುಡುಕ್ತಾರೆ, ಓದಿದವಳು! ನಮಗೆಲ್ಲ ಕಾಗೆ ಕಾಲು ಗುಬ್ಬಿ ಕಾಲು. ಹಾಗೇ ಕೋಣೆ ಖಾಲಿ ಮಾಡಿಡು. ಅಲ್ಲಿ ಗಾಳಿ ಚೆನ್ನಾಗಿ ಬರತ್ತೆ. ನನ್ನ ಮಂಡಿಗೆ ಒಳ್ಳೇದು."

ಮೆಟ್ಟಿಲು ಹತ್ತುವಾಗ ಬತೂಲ್ ತಾನು ಕಾಲ ಬೆರಳ ಮೇಲೆ ನಡೆಯುತ್ತಿರುವುದನ್ನು ಗಮನಿಸಿದಳು. ಬೇಕೆಂದೇ ಹಿಮ್ಮಡಿ ಊರಿದಳು. ಬಾಗಿಲ ಬಳಿ ಬಂದಾಗ ಮತ್ತೆ ನಿಂತಳು, ಕೆಮ್ಮಿಗಾಗಿ ಕಾಯುವಂತೆ. ಒಂಬತ್ತು ವಾರದ ಹಿಂದೆ, ಪ್ರವಾದಿ ಹುಟ್ಟಿದ ದಿನದ ಮೌಲಿದ್ ಹಬ್ಬಕ್ಕೆ ಊರೆಲ್ಲ ಬಣ್ಣದ ಮೇಣದ ಗೋಪುರಗಳನ್ನು ಹೊತ್ತು ಬೀದಿಯಲ್ಲಿ ಹೋಗುತ್ತಿದ್ದಾಗ, ಅವಳು ತಾರಸಿಯಿಂದ ಬಗ್ಗಿ ನೋಡುತ್ತ, "ಬನ್ನಿ, ನೋಡಿ, ಈ ವರ್ಷ ಹಸಿರು ಜಾಸ್ತಿ," ಎಂದು ಕರೆದಿದ್ದಳು. ಉತ್ತರ ಬಾರದೆ ತಿರುಗಿ ನೋಡಿದರೆ, ಅವನು ತನ್ನ ಹಾಸಿಗೆಯ ಸುರುಳಿಯನ್ನು ತಾನೇ ಹೊತ್ತು ಮೇಲಿನ ಕೋಣೆಗೆ ಹೋಗುತ್ತಿದ್ದ. ಐವತ್ತೆಂಟರ ಗಂಡಸು, ಲೋಟ ಎತ್ತಿಡದವನು, ಏದುಸಿರು ಬಿಡುತ್ತ ಹಾಸಿಗೆ ಹೊತ್ತಿದ್ದ. ಕೆಲಸ ಇದೆ ಎಂದ. ಕೆಲಸ ಇದ್ದೇ ಇತ್ತು. ಮೊದಲ ವಾರ ಅವಳು ನಂಬಿದಳು. ಎರಡನೆಯ ವಾರ, ಅವನ ಬಟ್ಟೆ ಒಗೆಯಲು ಹೊರಗಿನ ಹೆಂಗಸು ಬಂದಳು. ಮೂರನೆಯ ವಾರ ಅವಳು ಮದುವೆಯ ಕಫ್ತಾನ್ ಹಾಕಿಕೊಂಡು, ಕಣ್ಣಿಗೆ ಕಾಡಿಗೆ ಎಳೆದು, ಕಿತ್ತಳೆ ಹೂವಿನ ನೀರು ಚಿಮುಕಿಸಿಕೊಂಡು, ಮಟಮಟ ಮಧ್ಯಾಹ್ನ ಮೇಲೆ ಹೋಗಿ ಬಾಗಿಲು ತಳ್ಳಿದ್ದಳು. ಅವನು ತಲೆ ಎತ್ತಲಿಲ್ಲ. "ನಿನ್ನೆ ನಕಲು ಮಾಡಿದ ಪುಟದಲ್ಲಿ ಒಂದು ಸಾಲು ಬಿಟ್ಟಿದೀಯ. ವಿಶ್ವವಿದ್ಯಾಲಯದ ಓದು ಅಂದ್ರೆ ಇದೇ." ಅವಳು ಕೆಳಗೆ ಬಂದು ಕಫ್ತಾನಿನಲ್ಲೇ ಕುಳಿತು, ಮೂಲವನ್ನೂ ನಕಲನ್ನೂ ಪಕ್ಕಪಕ್ಕ ಇಟ್ಟು ಮೂರು ಸಲ ನೋಡಿದಳು. ಒಂದು ಸಾಲೂ ಬಿಟ್ಟಿರಲಿಲ್ಲ. ಅದನ್ನು ಹೇಳಲು ಮತ್ತೆ ಮೇಲೆ ಹೋಗುವ ಧೈರ್ಯವಾಗಲಿಲ್ಲ. ಮರುದಿನ ತಟ್ಟೆಯ ಜೊತೆ ಅವನು ಹೊರಗಿಟ್ಟಿದ್ದ ಹೊಸ ಹಾಳೆಗಳಲ್ಲಿ ಒಬ್ಬ ಸಂತನ ಕಥೆಯಿತ್ತು. ಅವನು ದೇವರ ಕರೆ ಕೇಳಿ, ಒದ್ದೆ ಕಂಬಳಿಯನ್ನು ಹೆಗಲಿನಿಂದ ಇಳಿಸಿದಂತೆ ಹೆಂಡತಿಯನ್ನು ಇಳಿಸಿಟ್ಟು ಹಗುರಾಗಿ ನಡೆದುಹೋದನಂತೆ. ಅಚ್ಚಿಗೆ ಹೋಗಬೇಕಾದ ಪ್ರತಿ. ಬತೂಲ್ ಹೊಸ ಲೇಖನಿ ಕೆತ್ತಿ, ಅಕ್ಷರ ಒಂದಕ್ಕೊಂದು ತಾಗದಂತೆ, ಬಹಳ ಅಂದವಾಗಿ ಅದನ್ನು ಬರೆದುಕೊಟ್ಟಳು.

ಎಂಟು ವರ್ಷದ ಹಿಂದೆ ಅವಳು ಇದೇ ಕೋಣೆಗೆ ರಬಾತಿನಿಂದ ದೋಣಿಯಲ್ಲಿ ಬಂದಿದ್ದಳು, ಕೈಯಲ್ಲಿ ಪ್ರಬಂಧದ ನಲವತ್ತು ಪುಟ ಹಿಡಿದುಕೊಂಡು. ಹಳೆಯ ಕೈಬರಹವನ್ನು ಅವಳಷ್ಟು ಸಲೀಸಾಗಿ ಓದುವವರನ್ನು ತಾನು ಕಂಡಿಲ್ಲ ಎಂದು ಆಗ ಅವನು ಹೇಳಿದ್ದ. ಅಷ್ಟು ಹೊಗಳಿಕೆಗೇ ಅವಳು ಸೋತುಬಿಟ್ಟಿದ್ದಳು. ಪ್ರಬಂಧ ನಲವತ್ತೊಂದನೆಯ ಪುಟಕ್ಕೆ ಹೋಗಲಿಲ್ಲ.

ಪುಸ್ತಕ ಹುಡುಕುವ ಕಷ್ಟವೇ ಇರಲಿಲ್ಲ. ಹಾಸಿಗೆಯ ತಲೆಯ ಕಡೆ, ದಿಂಬಿನ ಕೆಳಗೆ, ಹಸಿರು ಬಟ್ಟೆಯಲ್ಲಿ ಸುತ್ತಿದ್ದ ದಪ್ಪ ಹಸ್ತಪ್ರತಿ ಇತ್ತು. ಮುನ್ನೂರು ವರ್ಷದ ಹಿಂದೆ ಜಾವಿಯಾದ ಶಿಷ್ಯನೊಬ್ಬ ತನ್ನ ಗುರುಗಳ ದಿನಚರಿ ಬರೆದಿಟ್ಟದ್ದು. ಇದೊಂದೇ ಪ್ರತಿ. ದಿಂಬಿನಲ್ಲಿ ಅವನ ತಲೆಯ ಕುಳಿ ಇನ್ನೂ ಹಾಗೆಯೇ ಇತ್ತು. ಪುಸ್ತಕದ ಮೇಲೆಯೇ ಮಲಗುತ್ತಿದ್ದನೆಂದಾಯಿತು. ಬಟ್ಟೆ ಬಿಚ್ಚಿದಾಗ ಚರ್ಮದ ರಟ್ಟು ಬೆಚ್ಚಗಿದೆ ಅನ್ನಿಸಿತು. ಕಿಟಕಿಯ ಬಿಸಿಲು ತಾಗಿರಬೇಕು. ಮೊದಲ ಹಾಳೆಯಲ್ಲಿ, ಎಲ್ಲ ಹಳೆಯ ಪುಸ್ತಕಗಳಲ್ಲಿರುವಂತೆ, ಹುಳಗಳ ರಾಜನ ಹೆಸರು ಬರೆದಿತ್ತು, ಹುಳ ಹಿಡಿಯದಿರಲಿ ಎಂದು. ಅದರ ಹಿಂದೆ ನಾಲ್ಕಾಗಿ ಮಡಚಿದ ಒಂದು ಚೀಟಿ. ಅವನ ಅಕ್ಷರ.

ಈ ಪುಸ್ತಕವನ್ನು ಮುಖದ್ದಮ್ ಬೂಶ್ತಾರ ಕೈಯಿಂದ ಪಡೆದಿದ್ದೇನೆ. ಅವರು ತಾವಾಗಿ ಗಡುವು ಹೆಚ್ಚಿಸದ ಹೊರತು, ಮೌಲಿದ್ ದಿನ ಸೂರ್ಯ ಮುಳುಗುವುದರೊಳಗೆ ಹಿಂದಿರುಗಿಸುತ್ತೇನೆ. ತಪ್ಪಿದರೆ ನನ್ನ ಹೆಂಡತಿ ನನಗೆ ಹರಾಮ್.

ಕೆಳಗೆ ಅವನ ಸಹಿ. ಕೊನೆಯ ಅಕ್ಷರದ ಬಾಲ ಹಿಂದಕ್ಕೆ ಬಾಗಿ ಇಡೀ ಹೆಸರನ್ನು ಸುತ್ತಿಕೊಳ್ಳುವ ಸಹಿ.

ಅವಳು ಎರಡನೆಯ ಸಲ ಓದಲಿಲ್ಲ. ಅಗತ್ಯವಿರಲಿಲ್ಲ. ಅವಳ ತಂದೆಯೂ ಮಾರುಕಟ್ಟೆಯಲ್ಲಿ ಈ ಆಣೆ ಹಾಕುತ್ತಿದ್ದ, ಮೀನು ನಿನ್ನೆಯದಲ್ಲ ಎಂದು, ದೋಣಿ ಸೋರುವುದಿಲ್ಲ ಎಂದು. ಮನೆಗೆ ಬಂದ ಮೇಲೆ ತಾಯಿ ಬೈಯುತ್ತಿದ್ದಳು, ದಿನಕ್ಕೆ ನಾಲ್ಕು ಸಲ ನನಗೆ ತಲಾಖ್ ಕೊಡ್ತೀಯಲ್ಲೋ ಎಂದು. ಬಾಯಿಮಾತು ಅದು. ಆದರೆ ಇವನು ಬರೆದುಕೊಟ್ಟಿದ್ದ. ಮೌಲಿದ್ ಬಂತು, ಮೇಣದ ಗೋಪುರಗಳು ಬೀದಿಯಲ್ಲಿ ಹೋದವು, ಸೂರ್ಯ ಮುಳುಗುವ ಮೊದಲು ಅವನು ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಹೆಂಡತಿಯನ್ನು ತೂಗಿ ನೋಡಿ, ಪುಸ್ತಕವನ್ನು ಇಟ್ಟುಕೊಂಡು, ಹಾಸಿಗೆ ಹೊತ್ತು ಮೆಟ್ಟಿಲೇರಿದ.

"ಏನದು?" ಲಲ್ಲಾ ಖದ್ದೂಜ್ ಏದುಸಿರಿನಲ್ಲಿ ಬಾಗಿಲಿಗೆ ಬಂದಿದ್ದಳು. "ಅದೇನು ಚೀಟಿ? ಮನೆ ವಿಷಯ ಏನಾದ್ರೂ ಬರೆದಿದಾನಾ?"

ಮಕ್ಕಳಿಲ್ಲದ ವಿಧವೆಗೆ ಮನೆಯಲ್ಲಿ ಕಾಲು ಪಾಲು. ವಿಧವೆಯಲ್ಲದವಳಿಗೆ ಹೊಸಿಲಿನಾಚೆಗಿನ ಬೀದಿ. ಈ ಹೆಂಗಸಿಗೆ ಅಕ್ಷರ ಬಂದಿದ್ದರೆ ಈ ಹೊತ್ತಿಗೆ ತನ್ನ ಪೆಟ್ಟಿಗೆ ಅಂಗಳದಲ್ಲಿರುತ್ತಿತ್ತು ಎಂದುಕೊಂಡಳು ಬತೂಲ್. ಆಶ್ಚರ್ಯವೆಂದರೆ ಹೆದರಿಕೆಯಾಗಲಿಲ್ಲ.

"ಹುಳ ಹಿಡೀದೆ ಇರಲಿ ಅಂತ ಬರೆದಿರೋ ಮಂತ್ರ," ಎಂದಳು.

"ಸರಿ ಬಿಡು. ಅದನ್ನ ಅಲ್ಲೇ ಇಟ್ಟು ಕಟ್ಟು."

ಚೀಟಿಯನ್ನು ಅಲ್ಲೇ ಇಟ್ಟು, ಹಸಿರು ಬಟ್ಟೆ ಸುತ್ತಿ ಕಟ್ಟುವಾಗ ಅವಳ ಎದೆಯೊಳಗೆ ಏನೋ ಸಡಿಲವಾಗುತ್ತಿತ್ತು. ಅದು ದುಃಖವಲ್ಲ. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು, ಅದು ಸಂತೋಷ. ಒಂಬತ್ತು ವಾರ ಅವಳು ತನ್ನ ಮೈಯನ್ನು ಮೂಸಿ ನೋಡಿಕೊಂಡಿದ್ದಳು. ಬಾಯಿ ವಾಸನೆಯೇ, ಬೆವರೇ, ಮಕ್ಕಳಾಗದ ಹೊಟ್ಟೆಯೇ, ತಾನು ನಗುವ ರೀತಿಯೇ ಎಂದು ಒಂದೊಂದನ್ನೇ ಎತ್ತಿ ನೋಡಿದ್ದಳು. ಹಮಾಮಿನಲ್ಲಿ ಚರ್ಮ ಕೆಂಪಾಗುವಷ್ಟು ಉಜ್ಜಿಸಿಕೊಂಡಿದ್ದಳು. ಯಾವುದೂ ಅಲ್ಲ. ಅವನು ಆಣೆಗೆ ಹೆದರಿದ್ದ, ಅಷ್ಟೇ. ಹರಾಮಾದವಳನ್ನು ಮುಟ್ಟಬಾರದೆಂದು ಅಕ್ಕನ ಕೈಯಲ್ಲಿ ಕಾಲು ತೊಳೆಸಿಕೊಂಡ, ಹೆಣವಾದ ಮೇಲೂ ಅವಳ ಕೈ ಬೇಡವೆಂದ. ಮಾರಿದ್ದು ನಿಜ, ಒಂದು ಪುಸ್ತಕಕ್ಕೆ ಮಾರಿದ್ದ. ಆದರೆ ಹೇಸಿರಲಿಲ್ಲ. ಮಾರಿದವನನ್ನು ದ್ವೇಷಿಸಬಹುದು, ಅದು ಸುಲಭ. ರಬಾತಿನಲ್ಲಿ ಕೌಟುಂಬಿಕ ಕಾನೂನಿನ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. ಆಣೆಯ ಮೇಲೆ ನಿಂತ ತಲಾಖ್ ಊರ್ಜಿತವಲ್ಲ ಎಂದು ಬರೆದು ಇಪ್ಪತ್ತಕ್ಕೆ ಹದಿನಾಲ್ಕು ತೆಗೆದುಕೊಂಡಿದ್ದಳು. ಸರ್ಕಾರದ ಸಂಹಿತೆ ಏನೇ ಹೇಳಲಿ, ಸೀ ಮಫದ್ದಲ್ ಆ ಸಂಹಿತೆಯ ಪ್ರಕಾರ ಬದುಕಿರಲಿಲ್ಲ. ಅವನ ಲೆಕ್ಕದಲ್ಲಿ ಅವಳು ಮೌಲಿದ್ ಸಂಜೆಯೇ ಬಿಡುಗಡೆಯಾಗಿದ್ದಳು. ಅವಳಿಗೆ ಬೇಕಾಗಿದ್ದದ್ದೂ ಅವನ ಲೆಕ್ಕವೇ.

ಅವಳು ಕೆಳಗಿಳಿದು, ಬಿಳಿ ಬಟ್ಟೆ ಕಳಚಿ ಮಡಿಸಿ, ನೀಲಿ ಜೆಲ್ಲಾಬ ಹಾಕಿಕೊಂಡಳು. ಕಾಲೇಜಿಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದದ್ದು. ಮೊಣಕೈ ಬಳಿ ಶಾಯಿಯ ಕಲೆಯಿತ್ತು.

ಲಲ್ಲಾ ಖದ್ದೂಜ್ ತಲೆಬಾಗಿಲಿಗೆ ಅಡ್ಡ ನಿಂತಳು. "ಎಲ್ಲಿಗೆ?"

"ಪುಸ್ತಕ ಕೊಟ್ಟು ಬರ್ತೀನಿ."

"ತಲೆ ಕೆಟ್ಟಿದೆಯಾ ನಿಂಗೆ? ಗಂಡನ ಸಮಾಧಿ ಮಣ್ಣು ಇನ್ನೂ ಒಣಗಿಲ್ಲ. ನೀಲಿ ಬಟ್ಟೆ ಹಾಕ್ಕೊಂಡು ಬೀದಿಗೆ ಇಳೀತೀಯಾ? ಜನ ಏನಂತಾರೆ? ನನ್ನ ತಮ್ಮನ ಮುಖಕ್ಕೆ ಮಸಿ ಬಳೀಬೇಡ."

"ಅವರ ಮುಖಕ್ಕೆ ಮಣ್ಣೇ ಬಿದ್ದಿದೆ, ಲಲ್ಲಾ. ಇನ್ನು ಮಸಿ ಕಾಣಿಸಲ್ಲ."

ಹೀಗೆ ಮಾತಾಡುವುದು ತನಗೆ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಮುದುಕಿಯ ಬಾಯಿ ತೆರೆದೇ ಇತ್ತು. ಬತೂಲ್ ಅವಳ ಭುಜ ಹಿಡಿದು, ಒಂದು ಪೀಠೋಪಕರಣವನ್ನು ಸರಿಸುವಂತೆ, ಮೆತ್ತಗೆ ಪಕ್ಕಕ್ಕೆ ಸರಿಸಿದಳು. ಎಷ್ಟು ಹಗುರ ಇದ್ದಾಳೆ ಇವಳು ಎಂದು ಆಶ್ಚರ್ಯವಾಯಿತು. "ಹೋಗು, ಹೋಗು!" ಎಂದು ಹಿಂದಿನಿಂದ ದನಿ ಬಂತು. "ಅವನಿಗೆ ಎಲ್ಲಾ ಗೊತ್ತಿತ್ತು ನಿನ್ನ ಗುಣ. ಅದಕ್ಕೇ ನಿನ್ನ ಕೈ ಬೇಡ ಅಂದ!"

ಓಣಿಯಲ್ಲಿ ಹೊಸ ರೊಟ್ಟಿಯ ವಾಸನೆಯಿತ್ತು. ಎದುರುಮನೆಯ ಹೆಂಗಸು ಹಿಟ್ಟಿನ ಹಲಗೆ ಹೊತ್ತು ಒಲೆಮನೆಗೆ ಹೊರಟಿದ್ದವಳು, ನೀಲಿ ಬಟ್ಟೆ ನೋಡಿ ನಿಂತು, ಸಲಾಮ್ ಹೇಳಲೋ ಬೇಡವೋ ಎಂದು ಅರ್ಧ ತುಟಿ ತೆರೆದು, ಹಲಗೆಯನ್ನು ಸರಿಪಡಿಸಿಕೊಳ್ಳುವ ನೆವದಲ್ಲಿ ಮುಖ ತಿರುಗಿಸಿದಳು. ಎದೆಗವಚಿ ಹಿಡಿದ ಪುಸ್ತಕ ಒಂದು ಕೂಸಿನಷ್ಟು ಭಾರವಿತ್ತು. ಗೋಡೆಗಳ ತುದಿಯಲ್ಲಿ ಕಡಲ ಬೆಳಕು ಕಾಣಿಸಿದಾಗ, ಅದರಾಚೆಗಿನ ಸ್ಮಶಾನವೂ ಕಾಣಿಸಿತು. ಇಳಿಜಾರಿನ ತುಂಬ ಸುಣ್ಣದ ಬಿಳುಪು. ಅಲ್ಲೆಲ್ಲೋ ಅವನೂ ಇದ್ದ, ಬಲಮಗ್ಗುಲಿಗೆ ಮಲಗಿ, ಮಕ್ಕಾದ ದಿಕ್ಕಿಗೆ, ಕಿಬ್ಲಾದ ಕಡೆ ಮುಖ ಮಾಡಿ. ಆ ಮುಖವನ್ನು ಮೊದಲು ಆ ಕಡೆ ತಿರುಗಿಸಿದವಳು ಬತೂಲ್. ಅವಳು ತಿರುಗಿಸುವಾಗ ಅದು ಆಗಲೇ ಗಟ್ಟಿಯಾಗತೊಡಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವನು ಸತ್ತ ದಿನ, ಇಳಿಹೊತ್ತಿನ ಅಸರ್ ನಮಾಜಿನ ಕರೆ ಮುಗಿದಿತ್ತು, ಲಲ್ಲಾ ಖದ್ದೂಜ್ ಹಮಾಮಿಗೆ ಹೋಗಿದ್ದಳು, ಅಂಗಳದ ಚಾಪೆಯ ಮೇಲೆ ಕುಳಿತು ಬತೂಲ್ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಮೇಲಿನಿಂದ ಅವನು ಕರೆದ. ಬತೂಲ್. ಒಂಬತ್ತು ವಾರದಲ್ಲಿ ಮೊದಲ ಸಲ ಹೆಸರು ಹಿಡಿದು. ಅವಳ ಬೆರಳು ಒಂದು ಕಲ್ಲಿನ ಮೇಲೆ ನಿಂತಿತು. ಇನ್ನೊಂದು ಸಲ ಕರೆಯಲಿ ಅನ್ನಿಸಿತು. ಇನ್ನೊಂದು ಸಲ ಕರೆದ, ಮೊದಲಿಗಿಂತ ಕೆಳಗಿನ ದನಿಯಲ್ಲಿ, ಏನೋ ಬೇಡುವಂತೆ. ಮೂರನೆಯ ಸಲ ಕರೆಯಲಿ, ಆಗ ಹೋಗುತ್ತೇನೆ. ಅವಳು ಮೊರ ಅಲ್ಲಾಡಿಸಿ ಬೇಳೆಯನ್ನು ಮತ್ತೆ ಹರಡಿದಳು. ಒಂದೊಂದೇ ಕಲ್ಲು ಆರಿಸಿದಳು. ಮೊರ ಪೂರ್ತಿ ಮುಗಿಯಿತು. ಮೂರನೆಯ ಕರೆ ಬರಲಿಲ್ಲ. ಮೇಲೆ ಹೋದಾಗ ಅವನ ಕೈ ಹಾಸಿಗೆಯಿಂದ ಕೆಳಗೆ ಇಳಿಬಿದ್ದಿತ್ತು. ಬಾಯಿ ತೆರೆದಿತ್ತು. ಸಾಯುವವನ ಕಿವಿಯಲ್ಲಿ ಯಾರಾದರೂ ಕಲಿಮಾ ಹೇಳಬೇಕು, ಅವನ ನಾಲಗೆ ಅದನ್ನು ಹಿಡಿದುಕೊಂಡು ಹೋಗಬೇಕು. ಊರಿನ ಕೂಲಿಯವನಿಗೂ ಅಷ್ಟು ಸಿಗುತ್ತದೆ. ಮುನ್ನೂರು ಸಂತರ ಕೊನೆಯ ಮಾತುಗಳನ್ನು ಹುಡುಕಿ ಬರೆದಿಟ್ಟವನ ಕೊನೆಯ ಮಾತು ಬತೂಲ್ ಎಂಬುದಾಗಿತ್ತು, ಅದಕ್ಕೆ ಉತ್ತರ ಬಂದಿರಲಿಲ್ಲ. ಅವಳು ಗಲ್ಲಕ್ಕೆ ಮುಸುಕು ಕಟ್ಟಿ, ಮುಖ ತಿರುಗಿಸಿ, ಕಣ್ಣು ಮುಚ್ಚಿ, ಆಮೇಲೆ ಕೂಗಿಕೊಂಡಳು. ಪಕ್ಕದಲ್ಲೇ ಇದ್ದೆ, ಕಲಿಮಾ ಹೇಳಿಸಿದೆ, ಹೇಳಿಕೊಂಡೇ ಹೋದರು ಎಂದು ಬಂದವರಿಗೆಲ್ಲ ಹೇಳಿದಳು. ಎಷ್ಟು ಪುಣ್ಯವಂತ ಎಂದರು ಜನ.

ಇವತ್ತು ಆ ನೆನಪೂ ಅಷ್ಟು ಕೊರೆಯಲಿಲ್ಲ. ಚೀಟಿ ಅದಕ್ಕೂ ಸಮಾಧಾನ ಹೇಳುತ್ತಿತ್ತು. ಅವನು ಕರೆದದ್ದು ಹೆಂಡತಿಯನ್ನಲ್ಲ, ತಾನು ಬಿಟ್ಟವಳನ್ನು.

ಜಾವಿಯಾದ ಅಂಗಳದಲ್ಲಿ ಮುಖದ್ದಮ್ ಬೂಶ್ತಾ ಆಪಿನ ಚಾಪೆ ನೇಯುತ್ತ ಕುಳಿತಿದ್ದ. ಎಪ್ಪತ್ತು ದಾಟಿದ ಮುದುಕ. ಸುತ್ತ ನೆನೆಹಾಕಿದ ಆಪಿನ ಕಟ್ಟುಗಳು. ಅವಳನ್ನು ನೋಡಿ ಕೈ ಒರೆಸಿಕೊಂಡ. ನೀಲಿ ಬಟ್ಟೆಯ ಮೇಲೆ ಕಣ್ಣು ಒಂದು ಕ್ಷಣ ನಿಂತು ಕೆಳಗಿಳಿಯಿತು.

"ನೀನ್ಯಾಕೆ ಬಂದೆ ಮಗಳೇ? ಯಾರ ಕೈಲಾದ್ರೂ ಕಳಿಸಿದ್ರೆ ಆಗ್ತಿತ್ತು. ಇದ್ದತ್ತಿನಲ್ಲಿ ಇರೋ ಹೆಣ್ಣು ಹೊರಗೆ ಬರಬಾರದು."

"ನಾನು ಇದ್ದತ್ತಿನಲ್ಲಿ ಇಲ್ಲ." ಅವಳು ಪುಸ್ತಕವನ್ನು ಅವನೆದುರು ಚಾಪೆಯ ಮೇಲೆ ಇಟ್ಟಳು. "ಅದು ನಿಮಗೆ ಗೊತ್ತಲ್ಲ, ಮುಖದ್ದಮ್ ಬೂಶ್ತಾ. ನಿಮ್ಮೆದುರೇ ಬರೆದುಕೊಟ್ಟಿದಾರೆ."

ಮುದುಕನಿಗೆ ಅರ್ಥವಾಗಲಿಲ್ಲ. ಅವಳು ಗಂಟು ಬಿಚ್ಚಿ ಚೀಟಿಯನ್ನು ತೆಗೆದು ಕೊಟ್ಟಳು. ಅವನು ಅದನ್ನು ಕಣ್ಣಿಗೆ ಹತ್ತಿರ, ಆಮೇಲೆ ದೂರ ಹಿಡಿದು ಓದಿ, ಹಲ್ಲಿಲ್ಲದ ಬಾಯಲ್ಲಿ ನಕ್ಕುಬಿಟ್ಟ.

"ಓ, ಇದಾ! ಇದಕ್ಕೆ ಹೆದರಿಕೊಂಡು ಓಡಿಬಂದೆಯಾ? ಅಯ್ಯೋ ಹುಚ್ಚಿ. ಈ ಪುಸ್ತಕ ಹೊಸಿಲು ದಾಟಬಾರದು ಅಂತ ಗುರುಗಳ ಕಟ್ಟಳೆ. ಸೀ ಮಫದ್ದಲ್ ಬಿಡಲೊಲ್ಲ. ಹಾಗಾದ್ರೆ ಮುರಿಯೋಕೆ ಆಗದಂಥ ಆಣೆ ಹಾಕು ಅಂದೆ. ಹಾಕಿದ. ಎರಡು ಪ್ರತಿ ಬರೆದ. ಆದ್ರೆ ಆಮೇಲೆ ನನಗೇ ನಿದ್ದೆ ಬರಲಿಲ್ಲ ಮಗಳೇ. ಒಂದು ಹೆಣ್ಣಿನ ಬಾಳನ್ನ ಅಡ ಇಟ್ಟುಕೊಂಡು ನಮಾಜಿಗೆ ನಿಲ್ಲೋದು ಹೇಗೆ? ಮೌಲಿದ್‌ಗೆ ಮೂರು ದಿನ ಇದೆ ಅನ್ನೋವಾಗ ನಾನೇ ಕರೆಸಿದೆ. ಕೆಲಸ ಮುಗಿಯೋ ತನಕ ಇಟ್ಕೋ, ಗಡುವು ಇಲ್ಲ ಅಂದೆ. ತಾಳು, ಬರೆಸಿಕೊಂಡಿದೀನಿ."

ಎದ್ದು, ಮಂಡಿ ಹಿಡಿದುಕೊಂಡು ಒಳಗೆ ಹೋಗಿ, ಜಾವಿಯಾದ ದಫ್ತರ ತಂದ. ಉಗುಳು ಹಚ್ಚಿದ ಬೆರಳಿನಿಂದ ಹಾಳೆ ಮಗುಚಿದ. ಅದೇ ಮೂರು ಸಾಲು, ಅದೇ ಆಣೆ. ಕೆಳಗೆ ಮುದುಕನ ಸೊಟ್ಟ ಅಕ್ಷರದಲ್ಲಿ: ಗಡುವು ತೆಗೆಯಲಾಗಿದೆ, ಪುಸ್ತಕ ಮುಗಿಯುವ ತನಕ ಇರಲಿ. ತಾರೀಖು ಮೌಲಿದ್‌ಗೆ ಮೂರು ದಿನ ಮೊದಲಿನದು. ಅದರ ಕೆಳಗೆ, ಓದಿದ್ದೇನೆ ಎಂಬ ಮಾತು, ಸಹಿ. ಕೊನೆಯ ಅಕ್ಷರದ ಬಾಲ ಹಿಂದಕ್ಕೆ ಬಾಗಿ ಇಡೀ ಹೆಸರನ್ನು ಸುತ್ತಿಕೊಂಡಿತ್ತು.

ಬತೂಲ್ ಆ ಬಾಲವನ್ನು ನೋಡುತ್ತ ನಿಂತಳು. ಎಂಟು ವರ್ಷದಲ್ಲಿ ಅವನ ಅಕ್ಷರವನ್ನು ಅವಳು ಒಮ್ಮೆಯೂ ತಪ್ಪಾಗಿ ಓದಿರಲಿಲ್ಲ.

"ಸಹಿ ಹಾಕುವಾಗ ಏನಾದ್ರೂ ಅಂದ್ರಾ?"

"ಏನನ್ನಲಿಲ್ಲ. ನಾನೇ ಅಂದೆ, ಹೋಗಿ ಹೆಂಡತಿಗೆ ಹೇಳಿ ಬಾಯಿ ಸಿಹಿ ಮಾಡಿಸು ಅಂತ. ನಕ್ಕ." ಮುದುಕ ದಫ್ತರ ಮಡಿಲಲ್ಲಿಟ್ಟುಕೊಂಡ. "ಹೇಳಲಿಲ್ವಾ ನಿಂಗೆ? ಮರೆತಿರಬೇಕು. ಓದೋ ಜನ. ಈಗ ಮನಸ್ಸು ಹಗುರಾಯ್ತಲ್ಲ? ನೀನು ಅವನ ಹೆಂಡತೀನೇ. ಕೊನೇ ಉಸಿರಿನ ತನಕ ಹೆಂಡತಿ. ಮನೆಗೆ ಹೋಗು, ಬಿಳಿ ಉಟ್ಕೋ."

ಹಾಗಾದರೆ ಹಾಸಿಗೆ ಹೊತ್ತು ಮೆಟ್ಟಿಲು ಹತ್ತಿದ್ದಕ್ಕೆ ಕಾರಣವೇ ಇರಲಿಲ್ಲ. ಹೊರಗಿನಿಂದ ಬಂದ ಒಗೆಯುವ ಹೆಂಗಸಿಗೆ, ಇಲ್ಲದ ಸಾಲಿಗೆ, ಕೆಮ್ಮಿಗೆ, ತಂಬಿಗೆ ಕಿತ್ತುಕೊಂಡದ್ದಕ್ಕೆ, ಯಾವುದಕ್ಕೂ ದೇವರ ಭಯದ ನೆರಳೂ ಇರಲಿಲ್ಲ. ಅವನಿಗೆ ಸುಮ್ಮನೆ ಬೇಡವಾಗಿತ್ತು. ಜಾವಿಯಾದ ನೀರಿನ ತೊಟ್ಟಿಯಲ್ಲಿ ಆಪು ನೆನೆಯುವ ಹಸಿ ವಾಸನೆ ಮೂಗಿಗೆ ಬಡಿಯಿತು. ಅವಳು ಇವತ್ತು ಬೆಳಿಗ್ಗೆಯಿಂದ ತೊಟ್ಟುಕೊಂಡಿದ್ದ ಸಂತೋಷ ಎಷ್ಟು ಹೊತ್ತಿನದು ಎಂದು ಲೆಕ್ಕ ಹಾಕಿದಳು. ಒಂದು ಗಂಟೆಗಿಂತ ಕಡಿಮೆ.

"ಪುಣ್ಯವಂತ ಬಿಡು," ಎಂದ ಮುದುಕ, ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ. "ಓದಿದ ಹೆಂಡತಿ ಪಕ್ಕದಲ್ಲಿ ಕೂತು ಕಲಿಮಾ ಹೇಳಿಸಿದಳಂತೆ. ಊರೆಲ್ಲ ಅದೇ ಮಾತು. ನನಗೆ ಯಾರಿದಾರೆ ಹೇಳು, ಈ ಆಪು ಬಿಟ್ರೆ?"

"ನಾನು ಪಕ್ಕದಲ್ಲಿ ಇರಲಿಲ್ಲ."

ಹಾಳೆ ಮಗುಚುತ್ತಿದ್ದ ಬೆರಳು ನಿಧಾನವಾಯಿತು.

"ಎರಡು ಸಲ ಕರೆದರು," ಎಂದಳು ಬತೂಲ್. ದನಿ ಪಾಠ ಒಪ್ಪಿಸುವಂತಿತ್ತು. "ನಾನು ಕೆಳಗೆ ಬೇಳೆ ಆರಿಸ್ತಿದ್ದೆ. ಕೇಳಿಸ್ತು. ಹೋಗಲಿಲ್ಲ."

"ಯಾಕೆ?" ಮುದುಕ ಪಿಸುಗುಟ್ಟಿದ. "ಈ ಚೀಟಿ ನೋಡಿ ಕೋಪ ಬಂದಿತ್ತಾ? ಹರಾಮಾದೆ ಅಂದ್ಕೊಂಡು..."

ಅವನು ದಾರಿ ತೋರಿಸುತ್ತಿದ್ದ. ಹೂಂ ಎಂದರೆ ಸಾಕಿತ್ತು. ಅವನ ಮುಖದಲ್ಲಿ ಆಗಲೇ ಕ್ಷಮೆಯ ತಯಾರಿ ಕಾಣುತ್ತಿತ್ತು.

"ಚೀಟಿ ಸಿಕ್ಕಿದ್ದು ಇವತ್ತು ಬೆಳಿಗ್ಗೆ," ಎಂದಳು. "ಅವತ್ತು ಸುಮ್ಮನೆ ಹೋಗಲಿಲ್ಲ."

ಮುಖದ್ದಮ್ ಬೂಶ್ತಾ ಅವಳ ಮುಖದಿಂದ ಕಣ್ಣು ತೆಗೆದ. ಪುಸ್ತಕವನ್ನು ಹಸಿರು ಬಟ್ಟೆಯಲ್ಲಿ ಸುತ್ತಿದ. ಅವಳು ಮುಟ್ಟಿದ್ದ ಅಂಚನ್ನು ತನ್ನ ತೋಳಿನಿಂದ ಒಮ್ಮೆ ಒರೆಸಿದ. ಆಮೇಲೆ ದಫ್ತರ ಎಳೆದುಕೊಂಡು, ಶಾಯಿಯಲ್ಲಿ ಲೇಖನಿ ಅದ್ದಿದ.

"ಯಾರ ಕೈಯಿಂದ ವಾಪಸ್ ಬಂತು ಅಂತ ಬರೀಬೇಕು." ದನಿಯಲ್ಲಿ ಮಗಳೇ ಎಂಬ ಮಾತು ಇರಲಿಲ್ಲ.

"ವಿಧವೆಯ ಕೈಯಿಂದ."

ಅವನು ಬರೆದ. ಬರೆಯುವಾಗ ಲೇಖನಿಯಿಂದ ಒಂದು ಹನಿ ಬಿತ್ತು. ಅವಳು ಅಭ್ಯಾಸಬಲದಿಂದ ಬಗ್ಗಿ, ಶಾಯಿ ಹರಡದ ಹಾಗೆ, ತನ್ನ ನೀಲಿ ತೋಳಿನ ಅಂಚಿನಿಂದ ಅದನ್ನು ಹೀರಿಸಿದಳು. ಚೀಟಿ ಚಾಪೆಯ ಮೇಲೆಯೇ ಬಿದ್ದಿತ್ತು. ಅವನು ಅದನ್ನು ಅವಳ ಕಡೆ ತಳ್ಳಿದ.

"ಇದನ್ನ ತಗೊಂಡು ಹೋಗು. ನಿನ್ನದು."

"ಅದು ಪುಸ್ತಕದ ಜೊತೆ ಬಂದದ್ದು," ಎಂದಳು ಬತೂಲ್. ಚೀಟಿಯನ್ನು ಎತ್ತಿ, ಅವನ ಮಡಿಕೆಗಳ ಮೇಲೆಯೇ ನಾಲ್ಕಾಗಿ ಮಡಚಿ, ಹಸಿರು ಬಟ್ಟೆಯ ಗಂಟಿನೊಳಗೆ ಸಿಕ್ಕಿಸಿ, ಬಿಗಿಯಾಗಿ ಕಟ್ಟಿದಳು.